ರೋಡ್ ಮತ್ತು ಟ್ರ್ಯಾಕ್ ಎರಡರಲ್ಲೂ ಮುಂದುವರಿಯಬಹುದೇ? ಸೈಕಲ್ ಪಟು ಮರಿಯಾನೆ ವೋಸ್ ಅವರ ಕ್ರೀಡಾಜೀವನ ಬಲ್ಲವರು ತಿಳಿಸಿ

ಸೋದರಮಾವ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಮಂಡ್ಯದಲ್ಲಿ ಮೊದಲ ವರ್ಷದ ಪಿಯುಸಿ ಓದುತ್ತಿದ್ದಾಳೆ. ಪ್ರೌಢಶಾಲೆಯಿಂದಲೂ ಸೈಕಲ್ ರೇಸ್‌ಗಳಲ್ಲಿ ಭಾಗವಹಿಸುತ್ತ ಬಂದಿರುವ ಅವಳು ಈಗ ರೋಡ್ ರೇಸ್ ಮತ್ತು ಟ್ರ್ಯಾಕ್ (ವೆಲೊಡ್ರೋಮ್ ಎಂಬ, ಬದಿ ಇಳಿಜಾರಾದ ಅಂಡಾಕಾರದ ಅಂಕಣದಲ್ಲಿ ನಡೆಯುವ ರೇಸ್) ಎರಡನ್ನೂ ಬಿಡುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಅವಳಿಗೆ ತರಬೇತಿ ನೀಡುತ್ತಿರುವವರು ಮಾತ್ರ, ಎರಡು ದೋಣಿಯಲ್ಲಿ ಕಾಲಿಟ್ಟರೆ ಯಾವ ದಡವನ್ನೂ ಮುಟ್ಟಲಾಗದು, ಈ ವರ್ಷವೇ ಒಂದನ್ನು ಆರಿಸಿಕೊಳ್ಳಲಿ ಎನ್ನುತ್ತಾರೆ. ಅದಕ್ಕೆ ಅವಳ ಉತ್ತರ ಒಂದೇ: ‘ಮಾವ, ಮರಿಯಾನೆ ವೋಸ್ ಎರಡರಲ್ಲೂ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದಾರೆ.’

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ವೋಸ್ ಎರಡನ್ನೂ ಒಟ್ಟಿಗೆ ಸಾಧಿಸಿದರೋ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಂದರೋ? ಟ್ರ್ಯಾಕ್‌ನಲ್ಲಿ ಕಲಿತದ್ದು ಅವರಿಗೆ ರಸ್ತೆಯಲ್ಲಿ ಉಪಯೋಗಕ್ಕೆ ಬಂದಿತೇ? ಮನೆಯಲ್ಲಿ ಅಕ್ಕ, ಭಾವ ಇಬ್ಬರೂ ನನ್ನ ಅಭಿಪ್ರಾಯ ಕೇಳುತ್ತಿರುವುದರಿಂದ, ವಿಷಯ ತಿಳಿಯದೆ ಮಾತನಾಡಲು ನನಗೆ ಮನಸ್ಸಿಲ್ಲ.

ಬೆಟ್ಟದ ಸವಾರ, ಮೈಸೂರು

ಸರ್, ನಿಮ್ಮ ಅಕ್ಕನ ಮಗಳು ಹೇಳಿದ್ದು ನಿಜ. ವೋಸ್ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದವರಲ್ಲ. 1987ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಅವರು 2006ರಲ್ಲಿ, ಕೆಸರು, ಮರಳು, ಹುಲ್ಲಿನ ಮೇಲೆ ಓಡಿಸುವ ಸೈಕ್ಲೊಕ್ರಾಸ್‌ನಲ್ಲಿ ವಿಶ್ವ ಚಾಂಪಿಯನ್ ಆಗಿ, ಅದೇ ವರ್ಷ ಸಾಲ್ಜ್‌ಬರ್ಗ್‌ನಲ್ಲಿ ರೋಡ್ ರೇಸ್‌ನ ವಿಶ್ವ ಪ್ರಶಸ್ತಿಯನ್ನೂ ಗೆದ್ದಾಗ ಅವರಿಗಿನ್ನೂ 19 ವರ್ಷ. 2008ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಟ್ರ್ಯಾಕ್‌ನ ಪಾಯಿಂಟ್ಸ್ ರೇಸ್ ವಿಶ್ವ ಪ್ರಶಸ್ತಿ ಅವರದಾಯಿತು. ಆಗಸ್ಟ್‌ನ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಳೆಯಲ್ಲಿ ನಡೆದ ರೋಡ್ ರೇಸ್‌ನಲ್ಲಿ ಆರನೆಯವರಾಗಿ ಬಂದು, ಎಂಟು ದಿನಗಳ ನಂತರ ಟ್ರ್ಯಾಕ್‌ಗೆ ಇಳಿದು ಪಾಯಿಂಟ್ಸ್ ರೇಸ್‌ನ ಚಿನ್ನ ಗೆದ್ದರು.

ಆ ಪಾಯಿಂಟ್ಸ್ ರೇಸ್ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಿದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ. 250 ಮೀಟರ್ ಟ್ರ್ಯಾಕ್‌ನಲ್ಲಿ 100 ಸುತ್ತು, ಅಂದರೆ 25 ಕಿಲೋಮೀಟರ್. ಪ್ರತಿ ಹತ್ತು ಸುತ್ತಿಗೊಮ್ಮೆ ಗಂಟೆ ಬಾರಿಸಿ ಸ್ಪ್ರಿಂಟ್ ನಡೆಸುತ್ತಾರೆ. ಮೊದಲ ನಾಲ್ವರಿಗೆ ಕ್ರಮವಾಗಿ 5, 3, 2, 1 ಅಂಕ. ಆದರೆ ಗುಂಪಿನಿಂದ ತಪ್ಪಿಸಿಕೊಂಡು, ಇಡೀ ಒಂದು ಸುತ್ತು ಮುಂದೆ ಹೋಗಿ, ಗುಂಪನ್ನು ಹಿಂದಿನಿಂದ ಬಂದು ಸೇರಿಕೊಂಡವರಿಗೆ ಒಮ್ಮೆಗೇ 20 ಅಂಕ. ಬೀಜಿಂಗ್‌ನಲ್ಲಿ ವೋಸ್ ಗಳಿಸಿದ್ದು 30 ಅಂಕ, ಎರಡನೆಯವರಾದ ಕ್ಯೂಬಾದ ಯೊಯಾಂಕಾ ಗೊನ್ಸಾಲೆಸ್ ಗಳಿಸಿದ್ದು 18. ಆ 30ರಲ್ಲಿ 20 ಅಂಕ ಬಂದದ್ದು ಹಾಗೆ ಒಂದು ಸುತ್ತು ಮುಂದೆ ಹೋಗಿದ್ದರಿಂದ. ಅಂತಹ ದಾಳಿಗೆ ತಕ್ಕ ಹೊತ್ತು ಸ್ಪ್ರಿಂಟ್ ಮುಗಿದ ಮರುಗಳಿಗೆ. ಆಗ ಎಲ್ಲರ ಕಾಲೂ ಉರಿಯುತ್ತಿರುತ್ತದೆ, ನಾನೇಕೆ ಬೆನ್ನಟ್ಟಲಿ, ಪಕ್ಕದವಳು ಬೆನ್ನಟ್ಟಲಿ ಎಂದು ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಆ ಹೊತ್ತನ್ನು ಗುರುತಿಸುವ ಕಣ್ಣು ಕೇವಲ ಕಾಲಿನ ಬಲದಿಂದ ಬರುವುದಿಲ್ಲ.

ರಸ್ತೆಯಲ್ಲಿ ಅವರಿಗೆ ಒದಗಿದ್ದು ಅದೇ ಕಣ್ಣು ಎಂಬುದು ನನ್ನ ದೃಢವಾದ ಅಭಿಪ್ರಾಯ. 2007ರಿಂದ 2011ರವರೆಗೆ ಸತತ ಐದು ವಿಶ್ವ ರೋಡ್ ಚಾಂಪಿಯನ್‌ಷಿಪ್‌ಗಳಲ್ಲಿ ಅವರಿಗೆ ಸಿಕ್ಕಿದ್ದು ಬೆಳ್ಳಿ. ಐದು ವರ್ಷ ಚಿನ್ನದ ಹೊಸ್ತಿಲಿಗೆ ಬಂದು ಹಿಂದಿರುಗಿದವರ ಮನಸ್ಸನ್ನು ಊಹಿಸಿಕೊಳ್ಳಿ. ಅವುಗಳಲ್ಲಿ ಕೊನೆಯ ಎರಡು ಬಾರಿ ಸ್ಪ್ರಿಂಟ್‌ನಲ್ಲಿ ಅವರನ್ನು ಹಿಂದಿಕ್ಕಿದವರು ಇಟಲಿಯ ಜಾರ್ಜಿಯಾ ಬ್ರೊಂಜಿನಿ. ಅವರೂ 2009ರಲ್ಲಿ ಟ್ರ್ಯಾಕ್‌ನ ಪಾಯಿಂಟ್ಸ್ ರೇಸ್ ವಿಶ್ವ ಚಾಂಪಿಯನ್ ಆಗಿದ್ದವರೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವೋಸ್ ದೊಡ್ಡ ಗುಂಪಿನ ಸ್ಪ್ರಿಂಟ್‌ಗಾಗಿ ಕಾಯಲಿಲ್ಲ. ಸುರಿಯುವ ಮಳೆಯಲ್ಲಿ ಬೆರಳೆಣಿಕೆಯ ಜನರೊಡನೆ ಗುಂಪಿನಿಂದ ಮುಂದೆ ಹೋಗಿ, ಕೊನೆಯಲ್ಲಿ ಉಳಿದ ಮೂವರ ಸ್ಪ್ರಿಂಟ್‌ನಲ್ಲಿ ಬ್ರಿಟನ್ನಿನ ಲಿಜ್ಜಿ ಆರ್ಮಿಟ್‌ಸ್ಟೆಡ್ ಅವರನ್ನು ಅವರ ನಾಡಿನವರ ಮುಂದೆಯೇ ಸೋಲಿಸಿದರು. ಅದೇ ವರ್ಷ ವಾಲ್ಕೆನ್‌ಬರ್ಗ್‌ನಲ್ಲಿ, ಮರುವರ್ಷ ಫ್ಲಾರೆನ್ಸ್‌ನಲ್ಲಿ ವಿಶ್ವ ಪ್ರಶಸ್ತಿಯೂ ಅವರದಾಯಿತು.

ಕಾವೇರಿ ತೀರ, ಶ್ರೀರಂಗಪಟ್ಟಣ

ಮೇಲಿನವರು ಬರೆದ ವಿವರಗಳನ್ನು ಒಪ್ಪುತ್ತೇನೆ, ಆದರೆ ತರಬೇತುದಾರರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ವೋಸ್ ಬೆಳೆದ ಕಾಲವೂ ದೇಶವೂ ಬೇರೆ. ವೈಯಕ್ತಿಕ ಪಾಯಿಂಟ್ಸ್ ರೇಸ್ ಬೀಜಿಂಗ್ ನಂತರ ಒಲಿಂಪಿಕ್ಸ್‌ನಿಂದಲೇ ಹೊರಬಿದ್ದಿತು. ಈಗ ಅದು ಓಮ್ನಿಯಮ್ ಎಂಬ ಬಹುಸ್ಪರ್ಧೆಯ ಒಂದು ಭಾಗ ಮಾತ್ರ. ಜೊತೆಗೆ ಮಹಿಳೆಯರ ರಸ್ತೆ ಸ್ಪರ್ಧೆಗಳು ಇಂದಿನಷ್ಟು ಒತ್ತೊತ್ತಾಗಿ ಆಗ ಇರಲಿಲ್ಲ. ಅವುಗಳನ್ನು ಬೆಳೆಸಿದವರಲ್ಲಿ ಸ್ವತಃ ವೋಸ್ ಒಬ್ಬರು ಎಂಬುದನ್ನು ಗೌರವದಿಂದಲೇ ಹೇಳಬೇಕು. ಮಹಿಳೆಯರಿಗೂ ಟೂರ್ ಡಿ ಫ್ರಾನ್ಸ್ ಬೇಕೆಂದು 2013ರಲ್ಲಿ ಇತರ ಕ್ರೀಡಾಪಟುಗಳೊಡನೆ ಬಹಿರಂಗವಾಗಿ ಒತ್ತಾಯಿಸಿದರು. 2014ರಲ್ಲಿ ಪ್ಯಾರಿಸ್‌ನಲ್ಲಿ ಒಂದು ದಿನದ ‘ಲಾ ಕೋರ್ಸ್’ ಆರಂಭವಾದಾಗ ಗೆದ್ದವರೂ ಅವರೇ. 2022ರಲ್ಲಿ ಹಲವು ಹಂತಗಳ ಮಹಿಳಾ ಟೂರ್ ಬಂದಾಗ ಎರಡು ಹಂತಗಳನ್ನು ಗೆದ್ದು, ಒಟ್ಟಾರೆ ಮುಂಚೂಣಿಯಲ್ಲಿರುವವರು ತೊಡುವ ಹಳದಿ ಜೆರ್ಸಿಯನ್ನೂ ತೊಟ್ಟರು. ಹೀಗೆ ತುಂಬಿರುವ ರಸ್ತೆ ಋತುವಿನ ನಡುವೆ ಟ್ರ್ಯಾಕ್‌ಗೆ ಬಿಡುವು ಮಾಡಿಕೊಳ್ಳುವುದು ಇಂದು ಇನ್ನೂ ಕಷ್ಟ.

ಇನ್ನೊಂದು ಮಾತನ್ನು ಅಕ್ಕ, ಭಾವನವರಿಗೆ ತಿಳಿಸಿ. ರಸ್ತೆ, ಟ್ರ್ಯಾಕ್, ಸೈಕ್ಲೊಕ್ರಾಸ್, ನಡುವೆ ಮೌಂಟನ್ ಬೈಕ್ ಎಂದು ವರ್ಷವಿಡೀ ಬಿಡುವಿಲ್ಲದೆ ಸ್ಪರ್ಧಿಸಿದ ವೋಸ್ 2015ರಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ಗಾಯದಿಂದಲೂ ಅತಿಯಾದ ತರಬೇತಿಯ ದಣಿವಿನಿಂದಲೂ ಆ ವರ್ಷದ ಹೆಚ್ಚಿನ ಭಾಗ ಸ್ಪರ್ಧಿಸಲಾಗದೆ ಕುಳಿತರು. ಆಗ ಅವರ ವಯಸ್ಸು 28. ಪಿಯುಸಿಯ ಓದು, ಟ್ಯೂಷನ್, ಬೆಳಗಿನ ಜಾವದ ಸವಾರಿ, ಮೇಲೆ ಎರಡು ಬಗೆಯ ತರಬೇತಿ. ಇದನ್ನೆಲ್ಲ ಹದಿಹರೆಯದ ದೇಹದ ಮೇಲೆ ಹೇರುವ ಮುನ್ನ ಊಟ ಮತ್ತು ನಿದ್ರೆಯ ಲೆಕ್ಕವನ್ನು ಮೊದಲು ನೋಡಬೇಕು. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ವೆಲೊಡ್ರೋಮ್ ಇಲ್ಲವೆಂಬುದನ್ನಂತೂ ನೀವೇ ಬಲ್ಲಿರಿ.

ಸೋದರಮಾವ, ಮಂಡ್ಯ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಅವಳಿಗೆ ಓದಿ ಹೇಳಿದೆ. ದಣಿವಿನ ವಿಷಯ ಕೇಳಿ ಸುಮ್ಮನಾದಳು, ಆದರೆ ಟ್ರ್ಯಾಕ್ ಬಿಡುತ್ತೇನೆಂದು ಹೇಳಲಿಲ್ಲ. ಈಗ ಒಂದನ್ನು ಬಿಟ್ಟರೆ ಮುಂದೆ ಮತ್ತೆ ಕೈಗೆತ್ತಿಕೊಳ್ಳಲು ಸಾಧ್ಯವೇ, ವಯಸ್ಸು ಮೀರಿಹೋಗುವುದೇ ಎಂಬುದು ಅವಳ ಆತಂಕ.

ಹಳೆಯ ಸ್ಪರ್ಧಿ, ಮೈಸೂರು

ನಾನು ಕಾಲೇಜು ದಿನಗಳಲ್ಲಿ ರಾಜ್ಯಮಟ್ಟದ ರೋಡ್ ರೇಸ್‌ಗಳಲ್ಲಿ ಸ್ಪರ್ಧಿಸುತ್ತಿದ್ದವಳು. ಆ ಮಗುವಿಗೆ ವಯಸ್ಸಿನ ಆತಂಕ ಬೇಡವೆಂದು ದಯವಿಟ್ಟು ಹೇಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ರೋಡ್ ರೇಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ಕ್ರಿಸ್ಟನ್ ಫಾಕ್ನರ್ ಮೊದಲು ದೋಣಿ ಸ್ಪರ್ಧಿಯಾಗಿದ್ದವರು. ಸೈಕಲ್ ರೇಸ್ ಹಿಡಿದದ್ದು ಇಪ್ಪತ್ತು ದಾಟಿದ ಮೇಲೆ. ಸುಮಾರು ಮೂರು ಕಿಲೋಮೀಟರ್ ಬಾಕಿ ಇರುವಾಗ ಅವರು ಒಬ್ಬರೇ ನುಗ್ಗಿದರು, ಹಿಂದಿದ್ದವರು ಪರಸ್ಪರ ಮುಖ ನೋಡುತ್ತ ಉಳಿದರು. ಮೇಲೆ ಬೆಟ್ಟದ ಸವಾರರು ವರ್ಣಿಸಿದ ಕ್ಷಣವೇ ಅದು. ಕೆಲವೇ ದಿನಗಳಲ್ಲಿ ಅದೇ ಫಾಕ್ನರ್ ಟ್ರ್ಯಾಕ್‌ನ ಟೀಮ್ ಪರ್ಸ್ಯೂಟ್ ಎಂಬ ನಾಲ್ವರ ತಂಡದ ರೇಸ್‌ನಲ್ಲಿಯೂ ಚಿನ್ನ ಗೆದ್ದರು. ಆ ರೋಡ್ ರೇಸ್‌ನಲ್ಲಿ ಬೆಳ್ಳಿ ಗೆದ್ದವರು 37 ವರ್ಷದ ವೋಸ್, ಕಂಚು ಗೆದ್ದವರು ಟ್ರ್ಯಾಕ್‌ನಲ್ಲಿಯೂ ವಿಶ್ವ ಚಾಂಪಿಯನ್ ಆಗಿರುವ ಬೆಲ್ಜಿಯಂನ ಲೊಟ್ಟೆ ಕೊಪೆಕಿ. ಎರಡನ್ನೂ ಜೊತೆಗಿಟ್ಟುಕೊಂಡವರ ಕಾಲ ಮುಗಿದಿಲ್ಲ ಎನ್ನಲು ಆ ಮೂವರೇ ಸಾಕು.

ಆದರೂ ಈ ಎರಡು ವರ್ಷ ರಸ್ತೆಯನ್ನೇ ಮುಖ್ಯವಾಗಿಟ್ಟುಕೊಳ್ಳಲಿ ಎಂಬುದು ನನ್ನ ಸಲಹೆ, ಏಕೆಂದರೆ ಮನೆಯ ಬಾಗಿಲಿಗೆ ಇರುವುದು ಅದೊಂದೇ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಸಮತಟ್ಟಾದ ರಸ್ತೆಗಳು ಒಂದೇ ವೇಗದಲ್ಲಿ ದೀರ್ಘ ಸವಾರಿ ಮಾಡಲು ಅನುಕೂಲ. ಕಬ್ಬು ಅರೆಯುವ ದಿನಗಳಲ್ಲಿ ಮಾತ್ರ ಬೆಳಕು ಹರಿಯುವ ಮೊದಲು ಹೊರಡಬಾರದು. ಟ್ರ್ಯಾಕ್ಟರ್ ಟ್ರೇಲರ್‌ನ ಎರಡೂ ಬದಿಗೆ ಚಾಚಿಕೊಂಡ ಜಲ್ಲೆಗಳು ಮಬ್ಬಿನಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಏರುವ ಅಭ್ಯಾಸಕ್ಕೆ ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಸಾಕು.

ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇರುವುದಿಲ್ಲ, ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲು ನಿಲ್ಲಿಸುವಂತಿಲ್ಲ. ಆದ್ದರಿಂದ ಅದನ್ನು ರಸ್ತೆಗೆ ಇಳಿಸಲು ಯಾವ ಕಾರಣಕ್ಕೂ ಬಿಡಬೇಡಿ. ಮನೆಯಲ್ಲಿ ರೋಲರ್ (ನಿಂತಲ್ಲೇ ಸೈಕಲ್ ತುಳಿಯಲು ಬಳಸುವ ಉರುಳೆಗಳ ಸಾಧನ) ಮೇಲೆ, ಹಗುರ ಗೇರ್‌ನಲ್ಲಿ, ಸೊಂಟ ಕುಣಿಯದಂತೆ ವೇಗವಾಗಿ ಪೆಡಲ್ ತುಳಿಯುವುದನ್ನು ಕಲಿಯಲಿ. ಟ್ರ್ಯಾಕ್‌ಗೆ ಬೇಕಾದ ಕಾಲಿನ ಹದ ಅದರಿಂದಲೇ ಬರುತ್ತದೆ. ರಜೆಯಲ್ಲಿ ವೆಲೊಡ್ರೋಮ್ ಇರುವ ಊರಿನ ಶಿಬಿರಕ್ಕೆ ಕಳುಹಿಸಲು ಸಾಧ್ಯವಾದರೆ, ಮೊದಲು ಇಳಿಜಾರಿನ ಕೆಳಗಿನ ಸಮತಟ್ಟು ಪಟ್ಟಿಯಲ್ಲಿ ಓಡಿಸಿ, ಆನಂತರವೇ ಮೇಲಕ್ಕೆ ಹತ್ತಿಸುವ ತರಬೇತುದಾರರು ಅಲ್ಲಿದ್ದಾರೆಯೇ ಎಂದು ವಿಚಾರಿಸಿ ಕಳುಹಿಸಿ.