ಅಪ್‌ಡೇಟ್: ಮೈಸೂರಿನ ಕೆಲಸ ಮುಗಿಸಿ ಬಂದೆ

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ದಿನ ಕೆಲಸ ಇದೆ, ಬಿಡುವಿನಲ್ಲಿ ಏನು ನೋಡಲಿ, ಎಲ್ಲಿ ತಿನ್ನಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಸೋಮವಾರದ ಬದಲು ಭಾನುವಾರವೇ ಬಂದುಬಿಡಿ ಅಂದಿದ್ದಿರಲ್ಲ, ಅದೇ ಎಲ್ಲಕ್ಕಿಂತ ಒಳ್ಳೆ ಸಲಹೆ. ಸಂಜೆ 7ಕ್ಕೆ ಅರಮನೆ ಮುಂದೆ ನಿಂತಿದ್ದೆ. ಕತ್ತಲಲ್ಲಿದ್ದ ಕಟ್ಟಡಕ್ಕೆ ಸುಮಾರು 1 ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಂಡಾಗ ಪಕ್ಕದಲ್ಲಿ ಅಪ್ಪನ ಹೆಗಲ ಮೇಲಿದ್ದ ಮಗು ಚಪ್ಪಾಳೆ ತಟ್ಟಿತು, ನನಗೂ ಮೈ ಜುಂ ಅಂದಿತು. ಭಾನುವಾರ, ಸರ್ಕಾರಿ ರಜೆಗಳಲ್ಲಿ ಸಂಜೆ ಇದು ಇರುತ್ತೆ.

ಬೆಳಿಗ್ಗೆ 6ಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಒಟ್ಟು ಸಾವಿರಕ್ಕೂ ಜಾಸ್ತಿ ಇವೆ. ನಂದಿ ಹತ್ತಿರ ಕೂತು ಸುಧಾರಿಸಿಕೊಂಡೆ, ಕೆಳಗೆ ಊರು ಮಂಜಿನಲ್ಲಿತ್ತು. ಇಳಿದ ಮೇಲೆ ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಎಷ್ಟು ಮೆತ್ತಗೆ ಅಂದರೆ ಬೆರಳು ತಾಗಿದರೆ ಸಾಕು ಹರಿಯುತ್ತೆ, ಮೇಲೆ ಬೆಣ್ಣೆ ಕರಗ್ತಾ ಇರುತ್ತೆ. ಎರಡು ತಿಂದು ಮತ್ತೊಂದು ಹೇಳಿದೆ.

ಒಂದು ಮಾತು ಯಾರೂ ಹೇಳಿರಲಿಲ್ಲ. ಮಂಗಳವಾರ ಝೂಗೆ ರಜೆ. ಸುಮ್ನೆ ಗೇಟ್ ತನಕ ಹೋಗಿ ವಾಪಸ್ ಬಂದೆ. ಅಲ್ಲಿಂದ ದೇವರಾಜ ಮಾರ್ಕೆಟ್‌ಗೆ ಹೋಗಿ ಅಮ್ಮನಿಗೆ ನಂಜನಗೂಡು ರಸಬಾಳೆ, ಚಿಗುರು ವೀಳ್ಯದೆಲೆ ತಗೊಂಡೆ.