ಟೆನ್ ಏಯ್ಟಿಯೋ, ಫಾರ್ಟಿ ಸಿಕ್ಸ್ಟಿಯೋ?

"11 ಜಿಬಿ ದೊಡ್ಡದೋ, 8 ಜಿಬಿ ದೊಡ್ಡದೋ? ಅಷ್ಟು ಹೇಳು ಮಾರಾಯ. ಆಮೇಲೆ ಚಾ ಕುಡಿ" ಎಂದು ಭಟ್ಟ ಮೇಜು ಕುಟ್ಟಿದ.

ಬದಿಯಡ್ಕ ಪೇಟೆಯ ಹೋಟೆಲು. ಹೊರಗೆ ಜೋರು ಮಳೆ, ಯಾರಿಗೂ ಎದ್ದು ಹೋಗುವ ಗಡಿಬಿಡಿ ಇರಲಿಲ್ಲ. ತಲೆಬಿಸಿ ಸ್ಟುಡಿಯೋ ಶೆಟ್ಟಿಯದ್ದು. ಮದುವೆ, ಉಪನಯನ, ಯಕ್ಷಗಾನ ಎಲ್ಲದರ ವಿಡಿಯೋ ಮಾಡುವವನು ಅವನು. ಕಂಪ್ಯೂಟರಿಗೆ ಈಗಿನದ್ದಕ್ಕಿಂತ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, ಅಂದ್ರೆ ಪರದೆಗೆ ಚಿತ್ರ ಬಿಡಿಸಿಕೊಡುವ ಭಾಗ ಬೇಕು. ಮಂಗಳೂರಿನಲ್ಲಿ ಯಾರೋ ಎನ್‌ವಿಡಿಯಾ ಕಂಪನಿಯ ಹಳೇ ಜಿಟಿಎಕ್ಸ್ 1080 ಟಿಐ ಮಾರುತ್ತಿದ್ದಾರೆ, ಮೆಮೊರಿ 11 ಜಿಬಿ. ಹೊಸದಾದರೆ ಅದೇ ಕಂಪನಿಯ ಆರ್‌ಟಿಎಕ್ಸ್ 4060, ಅದರದ್ದು 8 ಜಿಬಿ. ಭಟ್ಟನ ವೋಟು ಹಳೆಯದಕ್ಕೆ. ಅಡಿಕೆಗೆ ಮದ್ದು ಬಿಡುವ ದಿನಗಳನ್ನು ಬಿಟ್ಟರೆ ಅವನ ರಾತ್ರಿಗಳೆಲ್ಲ ಗೇಮಿಗೇ ಮೀಸಲು. ಹಾಗಾಗಿ ಅವನ ಮಾತಿಗೆ ತೂಕ ಜಾಸ್ತಿ, ಸ್ವರ ಅದಕ್ಕಿಂತಲೂ ಜಾಸ್ತಿ.

ಪಕ್ಕದಲ್ಲಿ ರಿಟೈರ್ ಆದ ಲೆಕ್ಕದ ಮಾಸ್ಟ್ರು ಬಾಳೆಹಣ್ಣಿನ ಪಳಂಪೊರಿ ಮುರಿಯುತ್ತಿದ್ದರು. "4060 ಅಂದ್ರೆ 1080ರ ಮೂರೂಮುಕ್ಕಾಲು ಪಟ್ಟು. ಇದರಲ್ಲಿ ಚರ್ಚೆ ಎಂತದ್ದು?"

"ಅದು ಹಾಗಲ್ಲ ಮಾಸ್ಟ್ರೇ" ಎಂದೆ. "ಮೊದಲಿನ ಎರಡು ಅಂಕಿ ತಲೆಮಾರು. ಕೊನೆಯ ಎರಡು ಅಂಕಿ ದರ್ಜೆ. 80 ಅಂದ್ರೆ ಮೇಲಿನ ದರ್ಜೆ, 60 ನಡುವಿನದ್ದು."

"ಹಾಗಾದ್ರೆ ಹೆಸರು ಒಂದೇ ಆದ್ರೆ ಮಾರ್ಕೂ ಒಂದೇ, ಅಲ್ವಾ?"

ಅದೂ ಇಲ್ಲ. ಜಿಟಿ 1030 ಅಂತ ಒಂದು ಪಾಪದ ಕಾರ್ಡ್ ಉಂಟು, ಅದಕ್ಕೆ ಬೇರೆ ಕರೆಂಟ್ ವೈರೂ ಬೇಡ. 2017ರಲ್ಲಿ ಬಂದದ್ದರಲ್ಲಿ ಜಿಡಿಡಿಆರ್5 ಎಂಬ ವೇಗದ ಮೆಮೊರಿ, ಸೆಕೆಂಡಿಗೆ 48 ಜಿಬಿ ಡೇಟಾ ಓಡಾಟ. ಮರುವರ್ಷ ಅದೇ ಹೆಸರಲ್ಲಿ ನಿಧಾನದ ಡಿಡಿಆರ್4 ಮೆಮೊರಿ ಹಾಕಿದ್ದೊಂದು ಬಂತು. ಅದರಲ್ಲಿ ಬರೀ 16.8 ಜಿಬಿ. ಹೊಸದು ಅಂತ ಖುಷಿಯಲ್ಲಿ ತಂದವನಿಗೆ ಹಳೆಯದಕ್ಕಿಂತ ತುಂಬಾ ನಿಧಾನದ್ದು ಸಿಕ್ಕಿತು. ಮಾಸ್ಟ್ರಿಗೆ ಇದು ಕೇಳಿ ಸಿಟ್ಟೇ ಬಂತು. ಒಂದೇ ರಿಜಿಸ್ಟರ್ ನಂಬ್ರದಲ್ಲಿ ಇಬ್ಬರು ಹುಡುಗರನ್ನು ಪರೀಕ್ಷೆಗೆ ಕೂರಿಸಿದವರನ್ನು ಅವರು ಈವರೆಗೆ ನೋಡಿಲ್ಲವಂತೆ.

ಭಟ್ಟ ಬಿಡುವವನಲ್ಲ. "1080 ಟಿಐ ಬಂದದ್ದು 2017ರಲ್ಲಿ. ಅದರ ಮೆಮೊರಿ ಬಸ್, ಅಂದ್ರೆ ಡೇಟಾ ಓಡುವ ದಾರಿಯ ಅಗಲ, 352 ಬಿಟ್. ಸೆಕೆಂಡಿಗೆ 484 ಜಿಬಿ. ನಿಮ್ಮ 4060 ಬಂದದ್ದು 2023ರಲ್ಲಿ. 128 ಬಿಟ್, 272 ಜಿಬಿ. ಆರು ವರ್ಷದಲ್ಲಿ ಹಿಂದೆ ಹೋದದ್ದಾ ಮುಂದೆ ಬಂದದ್ದಾ?"

ಪ್ರಶ್ನೆ ಸರಿಯಾದದ್ದೇ. ಭಟ್ಟನ ಕಾರ್ಡಿನದ್ದು ತಲಪಾಡಿ-ಚೆಂಗಳ ಆರು ಲೇನ್ ಹೈವೇ. 4060ರದ್ದು ನಮ್ಮ ಒಳದಾರಿ, ಎದುರಿಂದ ಬಸ್ಸು ಬಂದರೆ ಚರಂಡಿಗೆ ಇಳಿಯಬೇಕು. ಆದರೆ 4060ರ ಚಿಪ್ಪಿನ ಒಳಗೇ ಕ್ಯಾಶ್ ಎಂಬ 24 ಎಂಬಿಯ ಸಣ್ಣ ಮೆಮೊರಿ ಉಂಟು, ಹಳೆಯದರಲ್ಲಿ 3 ಎಂಬಿಯೂ ಇಲ್ಲ. ಬೇಕಾದ ಸಾಮಾನು ಮನೆಯ ಉಗ್ರಾಣದಲ್ಲೇ ಇದ್ದರೆ ದಾರಿಗೆ ಇಳಿಯುವ ಕೆಲಸವೇ ಕಡಿಮೆ. 1080ಪಿ (ಫುಲ್ ಎಚ್‌ಡಿ, ಕಾರ್ಡಿನ ನಂಬ್ರವಲ್ಲ) ಮಾನಿಟರಿನಲ್ಲಿ ಎರಡೂ ಹತ್ತಿರ ಹತ್ತಿರ ನಿಲ್ಲುವುದು, ಹೊಸ ಗೇಮುಗಳಲ್ಲಿ 4060 ಸ್ವಲ್ಪ ಮುಂದೆ ಹೋಗುವುದು ಇದರಿಂದಲೂ ಹೌದು. ಇನ್ನೂ ಸೂಕ್ಷ್ಮ ಚಿತ್ರದ 4ಕೆಗೆ ಹೋದರೆ ಉಗ್ರಾಣ ಸಾಲುವುದಿಲ್ಲ, ದಾರಿಯಲ್ಲಿ ಬ್ಲಾಕ್. 8 ಜಿಬಿ ತುಂಬಿದರಂತೂ ಮುಗಿಯಿತು. ನನ್ನ ಪ್ರಕಾರ 4060ರ ನಿಜವಾದ ಕುಂದು ಆ 8 ಜಿಬಿಯೇ. ಇಷ್ಟು ಹೇಳಿದ್ದೇ ತಡ, ಭಟ್ಟ ಗೆದ್ದವನಂತೆ ಇನ್ನೊಂದು ಚಾ ಹೇಳಿದ.

"ಕರೆಂಟ್ ಎಷ್ಟು ತಿನ್ತದೆ?" ಶೆಟ್ಟಿಯ ಬಾಯಿಂದ ಬಂದ ಮೊದಲ ಉಪಯೋಗದ ಪ್ರಶ್ನೆ. ಅವನ ಸ್ಟುಡಿಯೋ ಮಳೆಗಾಲದಲ್ಲಿ ಅರ್ಧ ದಿನ ಇನ್ವರ್ಟರಿನಲ್ಲೇ ಓಡುವುದು.

1080 ಟಿಐ 250 ವ್ಯಾಟ್, 4060 ಬರೀ 115. ಮಾಸ್ಟ್ರು ಬೆರಳು ಮಡಚಿದರು. ವ್ಯತ್ಯಾಸ 135. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ಓಡಿದರೆ ಅರ್ಧ ಯುನಿಟ್ಟಿಗೂ ಮೇಲೆ, ತಿಂಗಳಿಗೆ ಸುಮಾರು 16 ಯುನಿಟ್. "ಬಿಲ್ಲು ಹೋಗ್ಲಿ, ಇನ್ವರ್ಟರ್ ಬೊಬ್ಬೆ ಹಾಕುದು ನಿಲ್ತದಲ್ವಾ" ಎಂದ ಶೆಟ್ಟಿ. ಭಟ್ಟನ ಮುಖ ಸ್ವಲ್ಪ ಇಳಿಯಿತು. ಹಳೇ ಕಾರ್ಡಿಗೆ ಗೇಮಿನ ಹೊಸ ಡ್ರೈವರ್ (ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ಬರುವುದು 2025ರ ಅಕ್ಟೋಬರಿಗೇ ಮುಗಿಯಿತು, ಇನ್ನು 2028ರ ಅಕ್ಟೋಬರ್ ತನಕ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಅಂತ ನಾನು ಸೇರಿಸಿದೆ. ಅವನು ಹೊರಗೆ ಮಳೆ ನೋಡಿದ.

ಆದರೂ ಕಂಪನಿಯವರ ಚಾರ್ಟ್ ನಂಬುವವರನ್ನು ಕಂಡರೆ ನನಗೆ ನಗು ಬರುತ್ತದೆ. 2025ರ ಜನವರಿಯಲ್ಲಿ ಎನ್‌ವಿಡಿಯಾ ಹೇಳಿದ್ದು ಏನು? 549 ಡಾಲರಿನ 5070ರಲ್ಲಿ ಹಿಂದಿನ ತಲೆಮಾರಿನ ಎಲ್ಲಕ್ಕಿಂತ ಮೇಲಿನ 4090ರ ಪರ್ಫಾರ್ಮೆನ್ಸ್! ಗುಟ್ಟು ಎಲ್ಲಿ ಅಂದ್ರೆ, 50ರ ಸೀರೀಸಿನಲ್ಲಿ ಒಂದು ಫ್ರೇಮ್, ಅಂದ್ರೆ ಒಂದು ಚಿತ್ರ, ನಿಜವಾಗಿ ಬಿಡಿಸಿ ಮೂರನ್ನು ಎಐ ಊಹಿಸಿ ತುಂಬಿಸಬಹುದು.

"ನಾಲ್ಕರಲ್ಲಿ ಮೂರು ಊಹೆಯಾ?" ಮಾಸ್ಟ್ರು ಪಳಂಪೊರಿ ಕೆಳಗಿಟ್ಟರು. "ನಾನಾದ್ರೆ ಸ್ಟೆಪ್ ಬರೆಯದವನಿಗೆ ಸೊನ್ನೆ ಕೊಡ್ತಿದ್ದೆ."

ನೋಡಲು ನುಣುಪು ಹೌದು, ಸುಳ್ಳಲ್ಲ. ಆದರೆ ಬಟನ್ ಒತ್ತಿದ್ದಕ್ಕೆ ಉತ್ತರ ಬರುವುದು ನಿಜವಾದ ಫ್ರೇಮಿನ ವೇಗದಲ್ಲೇ. ಹಳೆಯದು ಹೊಸದು ಹೋಲಿಸುವಾಗ ಅದನ್ನು ಆಫ್ ಮಾಡಿಯೇ ನೋಡಬೇಕು.

"ಅದೆಲ್ಲ ಗೇಮಿನದ್ದು. ನಾನು ಆಡುವುದೇ ಇಲ್ಲ" ಎಂದ ಶೆಟ್ಟಿ. ಆಗ ಎಲ್ಲರಿಗೂ ನೆನಪಾಯಿತು, ಕಾರ್ಡ್ ಬೇಕಾದದ್ದು ಭಟ್ಟನಿಗಲ್ಲ. ಶೆಟ್ಟಿಯ ಕಷ್ಟ ಬೇರೆ. ರಾತ್ರಿಯಿಡೀ ತೆಗೆದ ಯಕ್ಷಗಾನ ಎಡಿಟಿಂಗಿನ ಟೈಮ್‌ಲೈನಿನಲ್ಲಿ ಓಡಿಸಿದರೆ ವೇಷಧಾರಿ ಧೀಂಗಿಣ ಹಾರಿ ಗಾಳಿಯಲ್ಲೇ ನಿಲ್ಲುತ್ತಾನೆ. ಚೆಂಡೆ ಮಾತ್ರ ಮುಂದೆ ಹೋಗುತ್ತದೆ.

"ಕ್ಯಾಮರಾ ಸೆಟ್ಟಿಂಗ್ ಎಂತದ್ದು?"

"4:2:2, 10 ಬಿಟ್. ಎಚ್‌ಇವಿಸಿ."

ಅಲ್ಲಿಗೆ ಇಡೀ ಚರ್ಚೆ ಮಗುಚಿತು. ಅದು ಬಣ್ಣದ ವಿವರ ಜಾಸ್ತಿ ಇಟ್ಟು ಒತ್ತಿ ಚಿಕ್ಕದು ಮಾಡಿದ ವಿಡಿಯೋ. ಆ ಫೈಲನ್ನು ಹಾರ್ಡ್‌ವೇರಿನಲ್ಲಿ ಬಿಡಿಸುವ ಭಾಗ 1080 ಟಿಐಯಲ್ಲೂ ಇಲ್ಲ, 4060ರಲ್ಲೂ ಇಲ್ಲ. ಎನ್‌ವಿಡಿಯಾದಲ್ಲಿ ಅದು ಬಂದದ್ದೇ 50ರ ಸೀರೀಸಿಗೆ. ತಮಾಷೆ ಎಂದರೆ, ಇಂಟೆಲ್ 11ನೇ ತಲೆಮಾರಿನಿಂದ ಪ್ರೊಸೆಸರಿನ ಒಳಗೇ ಬರುವ ಗ್ರಾಫಿಕ್ಸಿಗೆ ಈ ಕೆಲಸ ಗೊತ್ತುಂಟು.

"ನಂದು 12ನೇದ್ದು! ಐ5!" ಶೆಟ್ಟಿ ಅರ್ಧ ಎದ್ದೇಬಿಟ್ಟ. "ಹಾಗಾದ್ರೆ ಕಾರ್ಡೇ ಬೇಡ!"

"ನಂಬ್ರದ ಕೊನೆಗೆ ಎಫ್ ಉಂಟಾ ನೋಡು."

ಮೊಬೈಲಿನಲ್ಲಿ ಬಿಲ್ಲು ತೆಗೆದು ನೋಡಿದ. 12400ಎಫ್. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಜೋಡಿಸಿಕೊಟ್ಟವರು ಸ್ವಲ್ಪ ದುಡ್ಡು ಉಳಿಸಿಕೊಟ್ಟಿದ್ದರು. ಶೆಟ್ಟಿ ನಿಧಾನಕ್ಕೆ ಕೂತ.

"ಬೇಜಾರು ಮಾಡ್ಬೇಡ" ಎಂದ ಭಟ್ಟ, ಈಗ ಅವನಿಗೂ ಪಾಪ ಅನಿಸಿತ್ತು. "5060 ತೆಕ್ಕೋ. ಒಳಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಎಷ್ಟು ವ್ಯಾಟಿನದ್ದು?"

ಶೆಟ್ಟಿ ಕ್ಯಾಬಿನೆಟ್ಟಿನ ಫೋಟೋ ತೋರಿಸಿದ. ಎಸ್‌ಎಂಪಿಎಸ್ಸಿನ ಸ್ಟಿಕ್ಕರಿನ ಮೇಲೆ ಎರಡು ಹಲ್ಲಿಮೊಟ್ಟೆ. ನಂಬ್ರ ಅದರ ಅಡಿಗೆ ಹೋಗಿದೆ. ಪಕ್ಕದಲ್ಲಿ ಕಾರ್ಡಿಗೆ ಅಂತ ನೇತಾಡುವ ವೈರು ಒಂದೇ, ಅದೂ 6 ಪಿನ್ನಿನದ್ದು. ಈ ಕಾರ್ಡುಗಳಿಗೆ ಸಾಮಾನ್ಯವಾಗಿ 8 ಪಿನ್ನಿನದ್ದು ಬೇಕು.

ಮಾಸ್ಟ್ರು ಕನ್ನಡಕ ಏರಿಸಿ ಫೋಟೋ ದೊಡ್ಡದು ಮಾಡಿದರು. "ಎಂಟು ಕಾಣ್ತಿಲ್ಲವಲ್ಲ. ಹಾಗಾದ್ರೆ ಇಷ್ಟು ಹೊತ್ತು ನಾವು ಹೋಲಿಸಿದ್ದರಲ್ಲಿ ಇವನ ಡಬ್ಬಿಯಲ್ಲಿ ಓಡುವುದು ಯಾವುದು?"

"ಸದ್ಯಕ್ಕೆ ಜಿಟಿ 1030" ಎಂದೆ.