ಮೈಲೇಜ್‌ಗೆ ಅಂತ 40 ಪಾಯಿಂಟ್ ಗಾಳಿ ಹಾಕಿದ್ದಾರೆ, ಹೀಗೇ ಬೆಂಗಳೂರಿಗೆ ಹೊರಡಬಹುದಾ?

ಕಲಬುರಗಿಯಿಂದ ಪ್ರಶ್ನೆ:
ನಮ್ಮದು ಸಣ್ಣ ಪೆಟ್ರೋಲ್ ಕಾರು. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ 33 ಅಂತ ಇದೆ. ಬಂಕಿನ ಹುಡುಗ ನಾಲ್ಕಕ್ಕೂ 40 ಹಾಕಿದ. ಕೇಳಿದರೆ ಟೈರ್ ಮೇಲಿನ "ಮ್ಯಾಕ್ಸ್ 51" ತೋರಿಸಿದ. ಈಗ ಹಂಪ್ ಮೇಲೆ ಗಾಡಿ ಚೆಂಡಿನ ಹಾಗೆ ಎಗರುತ್ತದೆ. ಈ ಬಿಸಿಲಲ್ಲಿ ಟೈರ್ ಒಡೆಯುತ್ತದಾ?

ಉತ್ತರ 1:
ನಾನು ಯಾವಾಗಲೂ 38 ಹಾಕಿಸುತ್ತೇನೆ. ಏನೂ ಆಗಿಲ್ಲ. ಸುಮ್ನೆ ಹೊರಡಿ.

ಉತ್ತರ 2:
ದಾವಣಗೆರೆಯಲ್ಲಿ ನನ್ನದು ಟೈರ್ ಅಂಗಡಿ. 38ರ ಅಣ್ಣಾ, ಒಮ್ಮೆ ನಿಮ್ಮ ಟೈರ್ ಮೇಲೆ ಕೈಯಾಡಿಸಿ ನೋಡಿ. ನಡುವಿನ ಪಟ್ಟಿ ನುಣ್ಣಗಾಗಿ, ಎರಡೂ ಅಂಚಿನಲ್ಲಿ ಟೈರಿನ ಕಚ್ಚು ಹಾಗೇ ಉಳಿದಿದ್ದರೆ ಗಾಳಿ ಜಾಸ್ತಿ ಆಗಿದೆ ಅಂತಲೇ ಅರ್ಥ. ಇಂಥ ಟೈರ್ ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಅಂಚು ಹೊಸದು, ನಡು ಬೋಳು, ಟೈರ್ ಮಾತ್ರ ಗುಜರಿಗೆ. ಮೈಲೇಜ್‌ನಲ್ಲಿ ಉಳಿಸಿದ್ದು ಇಲ್ಲಿ ಹೋಯಿತು ಅಲ್ವಾ?

ಇನ್ನು ಕಲಬುರಗಿಯವರಿಗೆ. 51 ಅನ್ನುವುದು ಆ ಟೈರ್ ತಡೆಯುವ ಮಿತಿ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನುವುದು ಸ್ಟಿಕ್ಕರ್‌ನಲ್ಲಿದೆ. ಬರೀ ಬಿಸಿಲಿಗೆ 40ರ ಟೈರ್ ಒಡೆಯುವುದಿಲ್ಲ. ನಿಜ ಹೇಳಬೇಕೆಂದರೆ ಹೈವೇಯಲ್ಲಿ ಕಾದು ಒಡೆಯುವುದು ಹೆಚ್ಚಾಗಿ ಗಾಳಿ ಕಡಿಮೆ ಇರುವ ಟೈರೇ. ಜಾಸ್ತಿ ಗಾಳಿಯ ತೊಂದರೆ ಬೇರೆ. ಟೈರ್ ಬಿಗಿದು ನಿಂತಿರುತ್ತದೆ, ಗುಂಡಿಗೆ ಬಿದ್ದರೆ ಬಾಗುವುದಿಲ್ಲ. ಆ ಹೊಡೆತಕ್ಕೆ ಒಳಗಿನ ದಾರ ಹರಿದು ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರ್ ಯಾವಾಗ ಬೇಕಾದರೂ ಒಡೆಯಬಹುದು. ಜೊತೆಗೆ ರಸ್ತೆಗೆ ಕೂರುವ ಜಾಗವೂ ಕಡಿಮೆ. ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ಜಾರಿಕೊಂಡು ಮುಂದೆ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಅಣ್ಣಾ. ಈಗಷ್ಟೇ ಊರೆಲ್ಲ ಸುತ್ತಿ ಬಂದೆ. ಈಗಲೇ 33ಕ್ಕೆ ಇಳಿಸಲಾ?

ಉತ್ತರ 2:
ಬೇಡ. ಟೈರ್ ಐದಾರು ಡಿಗ್ರಿ ಕಾದರೆ ಒಂದು ಪಾಯಿಂಟ್ ಏರುತ್ತದೆ. ಬಿಸಿಯಲ್ಲೇ 33ಕ್ಕೆ ಇಳಿಸಿದರೆ ಬೆಳಗ್ಗೆ ತಣಿದ ಮೇಲೆ 29-30ಕ್ಕೆ ಬಂದಿರುತ್ತದೆ. ನಾಳೆ ಗಾಡಿ ತೆಗೆಯುವ ಮೊದಲೇ ನೋಡಿ ಇಳಿಸಿ. ಐದು ಜನ, ಲಗೇಜ್ ಅಂತಿದ್ದರೆ ಫುಲ್ ಲೋಡ್‌ಗೆ ಸ್ಟಿಕ್ಕರ್‌ನಲ್ಲಿ ಬೇರೆ ಅಂಕಿ ಇರಬಹುದು, ಅಷ್ಟು ಹಾಕಿ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಮೀಟರ್ 37 ತೋರಿಸಿದರೆ ಗಾಬರಿಯಾಗಿ ಗಾಳಿ ಬಿಡಬೇಡಿ. ಅಂದಹಾಗೆ, ಸ್ಟೆಪ್ನಿಗೆ ಗಾಳಿ ನೋಡಿಸಿದ್ದೀರಾ?